ಹಾಲಿನ ಜೊತೆ ಬರುವ ಹುಳು

(ವಿಜಯಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಇಂಥ ವೇದಿಕೆಗಳಲ್ಲಿ ವಚನ ಸಾಹಿತ್ಯ, ಆದಿಲ್‌ಶಾಹಿ ಇತಿಹಾಸ, ಕೃಷ್ಣೆಯ ನೀರು, ಇವೇ ವಿಷಯವಾಗುವುದು ರೂಢಿ. ಪಶುವೈದ್ಯನನ್ನು ಕರೆದರೆ ಹೆಚ್ಚೆಂದರೆ ಎಮ್ಮೆ, ಆಡು. ಬೆಕ್ಕಿನ ಮರಿಯ ಹೊಟ್ಟೆಯೊಳಗಿನ ಜಂತುಹುಳುವಿನ ಬಗ್ಗೆ ಮಾತಾಡುತ್ತೇನೆ ಎಂದಾಗ ವ್ಯವಸ್ಥಾಪಕರು, "ಅದರಾಗ ಒಂದ್ ತಾಸು ಮಾತಾಡೂವಂಥಾದ್ದು ಏನೈತ್ರಿ ಸರ?" ಎಂದು ಕೇಳಿದರು. ಒಂದು ತಾಸಿನಲ್ಲಿ ಮುಗಿಯದಷ್ಟಿದೆ.

ಬೆಕ್ಕನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2019ರ 20ನೆಯ ಜಾನುವಾರು ಗಣತಿಯಲ್ಲಿ ದನ, ಎಮ್ಮೆ, ಕುರಿ, ಆಡು, ಹಂದಿ, ಕುದುರೆ, ಕತ್ತೆ, ಒಂಟೆ, ನಾಯಿ, ಮೊಲ ಎಲ್ಲವನ್ನೂ ಎಣಿಸಿದರು. ಆನೆಯನ್ನೂ ಬಿಡಲಿಲ್ಲ. ಬೆಕ್ಕಿಗೆ ಮಾತ್ರ ಕಾಲಂ ಇರಲಿಲ್ಲ. ದನದ ದವಾಖಾನೆಗೆ ಎಮ್ಮೆ ಹೊಡೆದುಕೊಂಡು ಎದೆ ಸೆಟೆಸಿ ಬರುವ ರೈತ, ಬೆಕ್ಕಿನ ಮರಿ ತರುವಾಗ ಅದನ್ನು ಸಂತೆಚೀಲದಲ್ಲಿ ಮುಚ್ಚಿ ತರುತ್ತಾನೆ. ಎಲ್ಲರ ದನ ನೋಡಿ ಮುಗಿಯುವ ತನಕ ಬಾಗಿಲ ಬದಿಗೆ ನಿಂತು, ಕೊನೆಗೆ, "ಹುಡುಗ್ರು ಅಳ್ತಾವಂತ ತಂದೇನ್ರಿ" ಎನ್ನುತ್ತಾನೆ. ಅವನಿಗೂ ಮರುಕ ಇರುತ್ತದೆ, ಅದನ್ನು ಮಕ್ಕಳ ಲೆಕ್ಕಕ್ಕೆ ಬರೆದುಬಿಡುತ್ತಾನೆ.

ಈ ಸೀಮೆಯಲ್ಲಿ ಬೆಕ್ಕು ಶೋಕಿಗೆ ಸಾಕಿದ ಪ್ರಾಣಿಯಲ್ಲ, ದುಡಿಯುವ ಆಳು. ಡೋಣಿ ದಂಡೆಯ ಎರೆಮಣ್ಣಿನಲ್ಲಿ ಬಿಳಿಜೋಳ ಬೆಳೆದ ಕಾಲದಿಂದಲೂ ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಒಂದು ಗೋರಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂಳಿದ್ದು ಸಿಕ್ಕಿದೆ. ಅವರೂ ಬೇಸಾಯ ಕಲಿತು ಕಾಳು ಕೂಡಿಡಲು ತೊಡಗಿದ ಜನರೇ. ನಮ್ಮಲ್ಲಿ ನೆಲದೊಳಗೆ ಕಾಳಿಡುವ ಹಗೇವುಗಳು ಮುಚ್ಚಿದವು, ಕಾಳು ಗೋಣಿಚೀಲಕ್ಕೆ ಬಂತು. ತಿಕೋಟಾ, ಬಾಬಾನಗರ, ಬಿಜ್ಜರಗಿ, ಹೊನವಾಡದ ಕಡೆ ದ್ರಾಕ್ಷಿ ಬಂತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣದ್ರಾಕ್ಷಿ ಶೆಡ್ಡಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ಹಣ್ಣು ಒಣಗುವಾಗ ರಾತ್ರಿ ಕಾವಲಿಗೆ ಒಬ್ಬ ಮನುಷ್ಯ, ಒಂದು ಬೆಕ್ಕು. ಮನುಷ್ಯನಿಗೆ ಪಗಾರ ಕೊಡುತ್ತೇವೆ. ಬೆಕ್ಕಿನ ಪಗಾರ ಇಲಿ. ನನ್ನ ಕತೆ ಆ ಪಗಾರದಿಂದಲೇ ಶುರುವಾಗುತ್ತದೆ.

ಬೆಕ್ಕಿನ ದುಂಡುಹುಳುವಿಗೆ ಶಾಸ್ತ್ರದಲ್ಲಿ ಟಾಕ್ಸೊಕಾರಾ ಕ್ಯಾಟಿ ಎಂದು ಹೆಸರು. ಬೆಳೆದದ್ದು 3ರಿಂದ 10 ಸೆಂಟಿಮೀಟರ್ ಉದ್ದ, ಕೆನೆಬಣ್ಣ, ಸಣ್ಣ ಕರುಳಿನಲ್ಲಿ ವಾಸ. ಅದರ ಮೊಟ್ಟೆ ಬೆಕ್ಕಿನ ಮಲದ ಜೊತೆ ಮಣ್ಣಿಗೆ ಬೀಳುತ್ತದೆ. ಆ ಮಣ್ಣು ಕೆದರಿದ ಇಲಿಯ ಹೊಟ್ಟೆಗೆ ಹೋಗುತ್ತದೆ. ಎರೆಹುಳು, ಜಿರಲೆಯ ಹೊಟ್ಟೆಗೂ ಹೋಗಬಹುದು. ಇಲಿಯಲ್ಲಿ ಅದು ಹುಳುವಾಗಿ ಬೆಳೆಯುವುದಿಲ್ಲ. ಮರಿಹುಳುವಾಗಿ ಮಾಂಸದಲ್ಲಿ ಸುಮ್ಮನೆ ಕುಳಿತು ಬೆಕ್ಕಿನ ದಾರಿ ಕಾಯುತ್ತದೆ. ತುಂಬು ಬಸುರಿ ಬೆಕ್ಕು ಆ ಇಲಿಯನ್ನು ತಿಂದರೆ ಮರಿಹುಳುಗಳು ತಾಯಿಯ ಮೈಯಲ್ಲಿ ತಿರುಗಾಡಿ ಕೆಚ್ಚಲಿಗೆ ಬಂದು ಸೇರುತ್ತವೆ. ಮರಿಗಳು ಹುಟ್ಟಿ ಮೊಲೆಗೆ ಬಾಯಿ ಹಚ್ಚುತ್ತವೆ. ಹಾಲಿನ ಜೊತೆ ಹುಳುವೂ ಒಳಗೆ ಹೋಗುತ್ತದೆ.

ನಾಯಿಯಲ್ಲಿ ಹೀಗಲ್ಲ. ನಾಯಿಮರಿಗೆ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಹೊಕ್ಕುಳಬಳ್ಳಿಯ ಮೂಲಕ ಹುಳು ಸೇರುತ್ತದೆ, ಹುಟ್ಟುವಾಗಲೇ ಮೈಯಲ್ಲಿರುತ್ತದೆ. ಬೆಕ್ಕಿನ ಮರಿ ಹುಟ್ಟುವಾಗ ಶುದ್ಧ. ಹಾಗಾದರೆ ಹಾಲು ಬಿಡಿಸಿಬಿಡೋಣವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಡಿ. ಮೊದಲ ವಾರಗಳಲ್ಲಿ ಮರಿಯನ್ನು ಉಳಿಸುವುದು ಆ ಹಾಲೇ. ರೋಗ ತಡೆಯುವ ಶಕ್ತಿಯೂ ಅದರಲ್ಲೇ ಬರುತ್ತದೆ. ಅದರ ಬದಲು ಆಕಳ ಹಾಲು ಬಟ್ಟಲಿಗೆ ಹಾಕಿದರೆ ಅದು ಒಗ್ಗದೆ ಭೇದಿ ಹತ್ತುತ್ತದೆ, ಆ ಭೇದಿಯ ದೂರು ಮತ್ತೆ ಜಂತಿನ ಮೇಲೆ. ಹಾಲು ಕುಡಿಯಲಿ, ಔಷಧವೂ ಬೀಳಲಿ, ತಾಯಿಗೂ ಬೀಳಲಿ. ತಾಯಿಯನ್ನು ಬಿಟ್ಟು ಮರಿಗಳಿಗಷ್ಟೇ ಔಷಧ ಕೊಡುವುದೇ ನಮ್ಮ ಕಡೆ ರೂಢಿಯಾಗಿದೆ.

ತಿಕೋಟಾ ಕಡೆಯ ಒಬ್ಬ ಅಜ್ಜಿ ಸೆರಗಿನಲ್ಲಿ ಮರಿಯನ್ನು ಕಟ್ಟಿಕೊಂಡು ಬಂದಿದ್ದರು. "ಸಾಹೇಬ್ರ, ಇದು ಶಾವಿಗಿ ಕಾರ್ಕೊಂಡೈತ್ರಿ. ನಮ್ಮ ಮನ್ಯಾಗ ಶಾವಿಗಿ ಮಾಡೇ ಇಲ್ರಿ. ಯಾರ ಮನ್ಯಾಗ ತಿಂದ್ ಬಂದೈತೋ!" ನೆರೆಮನೆಯವರ ಮೇಲೆ ಅವರಿಗೆ ಸಿಟ್ಟು. ಮರಿಗೆ ಇನ್ನೂ ಹೊಸ್ತಿಲು ದಾಟಲು ಬಾರದು, ನೆರೆಮನೆಗೆ ಹೋಗುವುದು ದೂರ. ಕೈಗೆ ತೆಗೆದುಕೊಂಡೆ. ಹೊಟ್ಟೆ ಬಿಗಿದು ಗುಂಡಗಾಗಿತ್ತು, ಬೆನ್ನಮೂಳೆ ಮಾತ್ರ ಬೆರಳಿಗೆ ಒಂದೊಂದಾಗಿ ಸಿಗುತ್ತಿತ್ತು. ಕೂದಲು ಒರಟು. ಹೊಟ್ಟೆ ದೊಡ್ಡದಿದೆ, ಚೆನ್ನಾಗಿ ತಿಂದುಂಡು ಬೆಳೆದಿದೆ ಎಂದು ಮನೆಯವರು ಸಂತೋಷಪಟ್ಟ ಮರಿಯೇ ಹೀಗೆ ಇರುತ್ತದೆ. ಹೊಟ್ಟೆಯನ್ನು ನೋಡಬೇಡಿ, ಬೆನ್ನು ಮುಟ್ಟಿ ನೋಡಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಜನ ನಮ್ಮಲ್ಲಿಗೆ ಬರುವುದು ಹುಳು ಕಂಡ ಮೇಲೆ. ತಿಳಿದವರು ಬೆಂಕಿಪೆಟ್ಟಿಗೆಯಲ್ಲಿ ಒಂದಿಷ್ಟು ಮಲ ತಂದು, "ಟೆಸ್ಟ್ ಮಾಡ್ರಿ" ಎನ್ನುತ್ತಾರೆ. ಒಳ್ಳೆಯ ಅಭ್ಯಾಸ. ಪರೀಕ್ಷೆಯೂ ಸುಲಭ: ನೀರಿಗೆ ಇನ್ನು ಕರಗದಷ್ಟು ಉಪ್ಪು ಹಾಕಿ, ಅದರಲ್ಲಿ ಮಲವನ್ನು ಕಲಸಿ ಸೋಸಿ, ಸಣ್ಣ ನಳಿಕೆಯ ಬಾಯಿಮಟ್ಟ ತುಂಬಿ ಮೇಲೆ ತೆಳುವಾದ ಗಾಜಿನ ಚೂರು ಇಟ್ಟು ಹತ್ತು-ಹದಿನೈದು ನಿಮಿಷ ಬಿಡುತ್ತೇವೆ. ಉಪ್ಪುನೀರಿಗಿಂತ ಹಗುರವಾದ ಮೊಟ್ಟೆಗಳು ತೇಲಿ ಬಂದು ಗಾಜಿಗೆ ಅಂಟುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ದುಂಡುಹುಳುವಿನ ಮೊಟ್ಟೆ ಕಾಣುತ್ತದೆ: ಗುಂಡಗೆ, ಒಳಗೆ ಕಪ್ಪು, ಸುತ್ತ ದಪ್ಪ ಚಿಪ್ಪು, ಚಿಪ್ಪಿನ ಮೇಲೆಲ್ಲ ಸಣ್ಣ ಸಣ್ಣ ಕುಳಿ. ಅಡ್ಡಗಲ ಮಿಲಿಮೀಟರಿನ ನೂರರಲ್ಲಿ ಏಳು ಪಾಲು.

ಆದರೆ ಮೂರು ವಾರದ ಮರಿಯ ಮಲದಲ್ಲಿ ಒಂದು ಮೊಟ್ಟೆಯೂ ಸಿಗದೆ ಹೋಗಬಹುದು, ಹೊಟ್ಟೆಯ ತುಂಬ ಹುಳುವಿದ್ದರೂ. ಹಾಲಿನಲ್ಲಿ ಬಂದ ಮರಿಹುಳು ಬೆಳೆದು ಮೊಟ್ಟೆ ಇಡಲು ಸುಮಾರು 47 ದಿನ ಬೇಕು. ಅಲ್ಲಿಯವರೆಗೆ ಅದು ತಿನ್ನುತ್ತದೆ, ಬೆಳೆಯುತ್ತದೆ, ಮರಿಯ ಕರುಳನ್ನು ಕೆಡಿಸುತ್ತದೆ, ಗುರುತು ಮಾತ್ರ ಬಿಟ್ಟುಕೊಡುವುದಿಲ್ಲ. "ಟೆಸ್ಟ್‌ನಾಗ ಏನೂ ಇಲ್ಲ" ಎಂದ ಚೀಟಿ ಹಿಡಿದು ಹೋದವರು ತಿಂಗಳಾದ ಮೇಲೆ ಸೊರಗಿದ ಮರಿಯನ್ನು ತರುತ್ತಾರೆ. ಬೆಕ್ಕಿನ ಮರಿಗೆ ಜಂತಿನ ಔಷಧವನ್ನು ಹುಳು ಕಂಡು ಕೊಡಬಾರದು, ತಾರೀಖು ನೋಡಿ ಕೊಡಬೇಕು.

ತಾರೀಖು ಹೀಗೆ. ಮೂರನೆಯ ವಾರಕ್ಕೆ ಮೊದಲ ಸಲ. ಆಮೇಲೆ ಎರಡೆರಡು ವಾರಕ್ಕೊಮ್ಮೆ: ಐದು, ಏಳು, ಒಂಬತ್ತು. ಹಾಲು ಬಿಟ್ಟ ಎರಡು ವಾರದವರೆಗೆ ಇದು ನಿಲ್ಲಬಾರದು. ನಂತರ ಆರು ತಿಂಗಳು ತುಂಬುವವರೆಗೆ ತಿಂಗಳಿಗೊಮ್ಮೆ. ಹುಟ್ಟಿದ ದಿನ ಗೊತ್ತಿಲ್ಲವೇ? ಬೆಕ್ಕು ಈಯುವುದು ಅಟ್ಟದ ಮೇಲೋ ಮೇವಿನ ಬಣವೆಯ ಸಂದಿನಲ್ಲೋ, ನಮಗೆ ಹೇಳಿ ಈಯುವುದಿಲ್ಲ. ಮರಿಯ ಕಣ್ಣು, ಬಾಯಿ ನೋಡಿ. ಏಳರಿಂದ ಹತ್ತು ದಿನಕ್ಕೆ ಕಣ್ಣು ಬಿಡುತ್ತದೆ. ಮೂರರಿಂದ ನಾಲ್ಕು ವಾರಕ್ಕೆ ಮುಂದಿನ ಸಣ್ಣ ಹಾಲುಹಲ್ಲು ಒಸಡಿನಿಂದ ಮೇಲೇಳುತ್ತವೆ. ಕಿರುಬೆರಳಿಗೆ ಹಲ್ಲು ಚುಚ್ಚಿತೆಂದರೆ ಔಷಧದ ದಿನ ಬಂದಂತೆಯೇ.

ಒಮ್ಮೆ ಕೊಟ್ಟರೆ ಯಾಕೆ ಸಾಲದು? ಸಣ್ಣ ಮರಿಗಳಿಗೆ ನಾವು ಹೆಚ್ಚಾಗಿ ಕೊಡುವುದು ಪೈರಾಂಟೆಲ್ ಎಂಬ ಔಷಧ. ಅದು ಹುಳುವಿನ ನರ ಹಿಡಿದು ಕೈಕಾಲು ಬಿದ್ದವರ ಹಾಗೆ ಮಾಡುತ್ತದೆ; ಕರುಳಿನಲ್ಲಿ ನಿಲ್ಲಲಾರದೆ ಹುಳು ಹೊರಗೆ ಹೋಗುತ್ತದೆ. ಈ ಔಷಧ ಕರುಳಿನಿಂದ ರಕ್ತಕ್ಕೆ ಹೋಗುವುದು ತೀರ ಕಡಿಮೆ, ಅದಕ್ಕೇ ಎಳೆಯ ಮರಿಗೂ ಕೊಡಬಹುದು. ಅದೇ ಕಾರಣಕ್ಕೆ ಕರುಳಿನ ಹೊರಗಿರುವ ಹುಳುವಿಗೆ ಅದು ತಾಗುವುದೂ ಇಲ್ಲ. ಮಣ್ಣಿನಿಂದ ನೇರವಾಗಿ ಮೊಟ್ಟೆ ನುಂಗಿದ ಮರಿಯಲ್ಲಿ ಹುಳು ಪಿತ್ತಜನಕಾಂಗಕ್ಕೆ ಹೋಗಿ, ಅಲ್ಲಿಂದ ಪುಪ್ಪುಸಕ್ಕೆ ಹತ್ತಿ, ಕೆಮ್ಮಿದಾಗ ಗಂಟಲಿಗೆ ಬಂದು, ನುಂಗಿದ ಮೇಲೆ ಮತ್ತೆ ಕರುಳಿಗೆ ಬರುತ್ತದೆ. ಇವತ್ತು ಔಷಧ ಕೊಡುವಾಗ ಅದು ದಾರಿಯಲ್ಲಿರುತ್ತದೆ. ಎರಡು ವಾರ ಬಿಟ್ಟು ಮನೆಗೆ ಬಂದಾಗ ಹಿಡಿಯಬೇಕು. ಜೊತೆಗೆ ತಾಯಿಯ ಹಾಲು ದಿನವೂ ಹೊಸ ಹುಳುಗಳನ್ನು ಕಳಿಸುತ್ತಲೇ ಇರಬಹುದು. ಫೆನ್‌ಬೆಂಡಜೋಲ್ ಎಂಬ ಇನ್ನೊಂದು ಔಷಧವನ್ನು ಸಾಮಾನ್ಯವಾಗಿ ಮೂರು ದಿನ ಸತತ ಕೊಡಿಸುತ್ತಾರೆ. ಎರಡರಲ್ಲಿ ಯಾವುದು, ಎಷ್ಟು ಎಂಬುದು ಮರಿಯ ತೂಕ ನೋಡಿ ವೈದ್ಯರು ಹೇಳಬೇಕಾದ ಮಾತು.

ತೂಕ ಎಂದೆ. ಹುಟ್ಟಿದ ಮರಿ ಸುಮಾರು ನೂರು ಗ್ರಾಂ. ವಾರಕ್ಕೆ ಅಂದಾಜು ಇನ್ನೊಂದು ನೂರು ಏರುತ್ತದೆ. ಮೂರುವಾರದ ಮರಿ ಮುನ್ನೂರು-ನಾನೂರು ಗ್ರಾಂ. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಮರಿಯನ್ನು ಒಂದು ಡಬ್ಬಿಯಲ್ಲಿ ಕೂಡಿಸಿ ತೂಗಿ, ಡಬ್ಬಿಯ ತೂಕ ಕಳೆಯಿರಿ. ಅಂಗಡಿಯವರು ನಗುತ್ತಾರೆ. ನಗಲಿ.

ತೂಗದೆ ಕೊಟ್ಟರೆ ಏನಾಗುತ್ತದೆ ನೋಡಿ. 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುನಾಶಕ ದಿನ ನಿಮಗೆಲ್ಲ ಗೊತ್ತು. ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಗುಳಿಗೆ ಚೀಪಿಸುತ್ತಾರೆ. ಬಹಳ ಒಳ್ಳೆಯ ಕಾರ್ಯಕ್ರಮ. ಅದರಿಂದಾಗಿ ಆ ಗುಳಿಗೆಯ ಹೆಸರು ಮನೆಮನೆಗೆ ಗೊತ್ತಾಗಿ, ಔಷಧ ಅಂಗಡಿಯಿಂದ ತಂದು ಕಾಲು ಭಾಗ ಮುರಿದು ಬೆಕ್ಕಿನ ಮರಿಗೆ ಅರೆದು ಹಾಕುವವರೂ ಹುಟ್ಟಿಕೊಂಡಿದ್ದಾರೆ. ಗುಳಿಗೆಯಲ್ಲಿ 400 ಮಿಲಿಗ್ರಾಂ ಇದೆ. ಇಪ್ಪತ್ತು ಕಿಲೋ ತೂಗುವ ಹುಡುಗ ಇಡೀ ಗುಳಿಗೆ ತಿಂದರೆ ಕಿಲೋಗೆ 20 ಮಿಲಿಗ್ರಾಂ. ಅರ್ಧ ಕಿಲೋ ಮರಿಗೆ ಕಾಲು ಗುಳಿಗೆ ಎಂದರೆ ಕಿಲೋಗೆ 200. ಹತ್ತು ಪಟ್ಟು! ಅಳತೆಯ ಮಾತು ಹಾಗಿರಲಿ, ಬೆಕ್ಕಿನಲ್ಲಿ ಅಲ್ಬೆಂಡಜೋಲ್ ಎಲುಬಿನ ಮಜ್ಜೆಯನ್ನೇ ಕುಗ್ಗಿಸಬಲ್ಲದು; ರಕ್ತಕಣ ಹುಟ್ಟುವುದೇ ಅಲ್ಲಿ. ಮಕ್ಕಳ ಗುಳಿಗೆ ಮಕ್ಕಳಿಗೇ ಇರಲಿ.

ಮನೆಮದ್ದಿನ ಬಗ್ಗೆ ಸಿಟ್ಟಿಲ್ಲ, ನಾನೂ ಕಷಾಯ ಕುಡಿದೇ ಬೆಳೆದವನು. ಆದರೆ ಬೆಳ್ಳುಳ್ಳಿ ಜಜ್ಜಿ ಹಾಲಿಗೆ ಬೆರೆಸಿ ಮರಿಗೆ ಕುಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದನದ ಉಣ್ಣೆಗೆ ಸಿಂಪಡಿಸುವ ಔಷಧವನ್ನು ಚಿಗಟಕ್ಕೆಂದು ಮರಿಯ ಮೈಗೆ ಹಚ್ಚುವುದು ಇನ್ನೂ ಕೆಟ್ಟದ್ದು. ನಾಯಿ, ದನ, ಮನುಷ್ಯರ ಪಿತ್ತಜನಕಾಂಗ ಸಲೀಸಾಗಿ ಕರಗಿಸಿ ಹೊರಹಾಕುವ ಕೆಲವು ರಾಸಾಯನಿಕಗಳು ಬೆಕ್ಕಿನದಕ್ಕೆ ಆಗಿಬರುವುದಿಲ್ಲ. ನಾಯಿಗೆಂದು ಮಾರುವ ಪರ್ಮೆತ್ರಿನ್ ಬೆಕ್ಕಿಗೆ ನಡುಕ ಹಿಡಿಸಿ ಕೊಲ್ಲುತ್ತದೆ. ಜ್ವರದ ಪ್ಯಾರಾಸಿಟಮಾಲ್ ಕೂಡ ವಿಷ.

ಔಷಧ ಕುಡಿಸುವ ರೀತಿಯನ್ನು ಒಮ್ಮೆ ತೋರಿಸಿದರೆ ಹನ್ನೆರಡು ವರ್ಷದ ಹುಡುಗಿಯೂ ಮಾಡುತ್ತಾಳೆ. ಮರಿಯನ್ನು ಹಳೆಯ ಟವೆಲ್‌ನಲ್ಲಿ ಕಾಲು ಸಮೇತ ಸುತ್ತಿ ತೊಡೆಯ ಮೇಲೆ ಕೂಡಿಸಿಕೊಳ್ಳಿ. ಸೂಜಿ ತೆಗೆದ ಸಿರಿಂಜಿನ ತುದಿಯನ್ನು ತುಟಿಯ ಮೂಲೆಯಿಂದ ಕೆನ್ನೆಯ ಒಳಗೆ ಇಟ್ಟು, ಒಂದು ಹನಿ, ಅದು ನುಂಗಿದ ಮೇಲೆ ಇನ್ನೊಂದು ಹನಿ. ತಲೆಯನ್ನು ಹಿಂದಕ್ಕೆ ಬಾಗಿಸಿ ಒಮ್ಮೆಲೇ ಸುರಿದರೆ ಔಷಧ ಪುಪ್ಪುಸಕ್ಕೆ ಇಳಿಯುತ್ತದೆ. ಮರುದಿನ ಸತ್ತ ಹುಳು ಬಿದ್ದರೆ ಗಾಬರಿಯಾಗಬೇಡಿ. ಬೀಳದಿದ್ದರೆ ಔಷಧ ಹತ್ತಲಿಲ್ಲ ಎಂದೂ ತಿಳಿಯಬೇಡಿ. ಹೊಟ್ಟೆ ಬಿಗಿದು, ತಿನ್ನದೆ, ಮತ್ತೆ ಮತ್ತೆ ವಾಂತಿ ಮಾಡುತ್ತಿದ್ದರೆ ಮಾತ್ರ ತಡಮಾಡದೆ ತನ್ನಿ, ಹುಳುವಿನ ಗಂಟು ಕರುಳಿಗೆ ಅಡ್ಡ ಕೂತಿರಬಹುದು. ಅತಿಯಾಗಿ ಸೋತ ಮರಿಗೆ ಮೊದಲು ನೀರು, ಶಾಖ, ಆಹಾರ. ಆಮೇಲೆ ಜಂತಿನ ಔಷಧ.

ಇನ್ನೆರಡು ಹುಳುಗಳನ್ನು ಬೇಗ ಮುಗಿಸುತ್ತೇನೆ. ಕೊಕ್ಕೆಹುಳು ಸಣ್ಣದು, ಕಣ್ಣಿಗೆ ಬೀಳುವುದು ಅಪರೂಪ, ಕೆಲಸ ಮಾತ್ರ ಘೋರ. ಕರುಳ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮಲ ಟಾರಿನಂತೆ ಕಪ್ಪಾಗುತ್ತದೆ. ಹೆಬ್ಬೆರಳಿನಿಂದ ಮರಿಯ ಮೇಲ್ದುಟಿ ಎತ್ತಿ ಒಸಡು ನೋಡಿ: ಗುಲಾಬಿ ಬಣ್ಣವಿದ್ದರೆ ಸರಿ, ಬಿಳಚಿಕೊಂಡಿದ್ದರೆ ಅಂದೇ ದವಾಖಾನೆಗೆ. ಇದರ ಮರಿಹುಳು ಬಾಯಿಂದಷ್ಟೇ ಅಲ್ಲ, ಚರ್ಮ ಕೊರೆದೂ ಒಳಗೆ ಹೋಗುತ್ತದೆ. 19ನೆಯ ಶತಮಾನದ ಕೊನೆಗೆ ಕೈರೋದಲ್ಲಿ ಆರ್ಥರ್ ಲೂಸ್ ಎಂಬ ವಿಜ್ಞಾನಿ ಮನುಷ್ಯರ ಕೊಕ್ಕೆಹುಳುವಿನ ಮರಿಗಳಿದ್ದ ನೀರನ್ನು ಆಕಸ್ಮಿಕವಾಗಿ ತನ್ನ ಕೈಮೇಲೆ ಚೆಲ್ಲಿಕೊಂಡು, ಅಲ್ಲಿ ಎದ್ದ ತುರಿಕೆಯಿಂದಲೇ ಈ ಗುಟ್ಟು ಕಂಡುಹಿಡಿದ. ಬೆಕ್ಕು-ನಾಯಿಗಳ ಕೊಕ್ಕೆಹುಳು ಮನುಷ್ಯನ ಪಾದ ಹೊಕ್ಕರೆ ಚರ್ಮದಡಿ ಕೆಂಪು ಗೆರೆ ಹಾವಿನಂತೆ ಸರಿಯುತ್ತ ಹೋಗುತ್ತದೆ, ತುರಿಕೆ ತಡೆಯಲಾಗುವುದಿಲ್ಲ. ನಮ್ಮ ಬೇಸಗೆಯ 40 ಡಿಗ್ರಿ ಬಿಸಿಲಿಗೆ ಬಯಲಿನ ಮರಿಹುಳು ಒಣಗಿ ಸಾಯುತ್ತದೆ. ಮಮದಾಪುರದ ಕೆರೆಯ ಕೆಳಗಿನ ತೋಟದಲ್ಲಿ, ಹನಿ ನೀರಾವರಿಯ ಬಳ್ಳಿಯ ಬುಡದಲ್ಲಿ ನೆರಳೂ ಇದೆ, ತೇವವೂ ಇದೆ. ಅಲ್ಲಿ ಬಳ್ಳಿ ಸವರುವ ಚಾಟಣಿಗೆ ಹೋಗುವವರು ಚಪ್ಪಲಿ ಹಾಕಿಕೊಳ್ಳಲಿ.

ಲಾಡಿಹುಳುವಿನಲ್ಲಿ ಎರಡು ಬಗೆ. ಒಂದು ಇಲಿ ತಿಂದು ಬರುವುದು, ಇನ್ನೊಂದು ಚಿಗಟದಿಂದ. ಮರಿ ಮೈ ನೆಕ್ಕುವಾಗ ಚಿಗಟ ನುಂಗುತ್ತದೆ, ಚಿಗಟದೊಳಗೆ ಹುಳುವಿನ ಎಳೆರೂಪ ಇರುತ್ತದೆ. ಬಾಲದ ಬುಡದಲ್ಲಿ ಬಿಳಿ ಚೂರು ಅಂಟಿ ಮಿಸುಕಾಡಿದರೆ ಅದೇ. ಪೈರಾಂಟೆಲ್ ಇದಕ್ಕೆ ನಾಟುವುದಿಲ್ಲ, ಪ್ರಾಜಿಕ್ವಾಂಟೆಲ್ ಬೇಕು. ಚಿಗಟ ಉಳಿದರೆ ಮೂರು ವಾರಕ್ಕೆ ಹುಳು ಮತ್ತೆ ಹಾಜರ್. ಚಿಗಟ ಇದೆಯೋ ಇಲ್ಲವೋ ತಿಳಿಯಲು ಹೇನಿನ ಬಾಚಣಿಗೆಯಿಂದ ಬೆನ್ನು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆಯಾದ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಕೆಂಪಗೆ ಹರಡಿದರೆ ಅದು ಚಿಗಟದ ಹೊಟ್ಟೆಯಿಂದ ಬಂದ ರಕ್ತ.

ಮಕ್ಕಳ ವಿಷಯ ಹೇಳದೆ ಇಳಿದರೆ ತಾಯಂದಿರು ಬಿಡುವುದಿಲ್ಲ. ದುಂಡುಹುಳುವಿನ ಮೊಟ್ಟೆ ಮಕ್ಕಳ ಬಾಯಿಗೆ ಹೋದರೆ ಅದು ಅವರಲ್ಲಿ ಬೆಳೆದ ಹುಳುವಾಗುವುದಿಲ್ಲ, ಮರಿಹುಳುವಾಗಿಯೇ ಪಿತ್ತಜನಕಾಂಗ, ಪುಪ್ಪುಸ, ಅಪರೂಪಕ್ಕೆ ಕಣ್ಣಿನಲ್ಲಿ ದಾರಿ ತಪ್ಪಿ ಅಲೆಯುತ್ತದೆ. 1952ರಲ್ಲಿ ಅಮೆರಿಕದ ಪಾಲ್ ಬೀವರ್ ಮತ್ತು ಸಂಗಡಿಗರು ನಾಯಿ, ಬೆಕ್ಕಿನ ಹುಳುಗಳಿಂದ ಮಕ್ಕಳಿಗೆ ಬರುವ ಈ ರೋಗವನ್ನು ಮೊದಲು ಸರಿಯಾಗಿ ವಿವರಿಸಿದರು. ಆದರೆ ಇದರಲ್ಲಿ ಒಂದು ಅನುಕೂಲವಿದೆ. ಇವತ್ತು ಬಿದ್ದ ಮಲದ ಮೊಟ್ಟೆ ಇವತ್ತು ಯಾರಿಗೂ ತಗಲುವುದಿಲ್ಲ. ಅದು ಹದಕ್ಕೆ ಬರಲು ಎರಡರಿಂದ ನಾಲ್ಕು ವಾರ ಬೇಕು. ಹದಕ್ಕೆ ಬಂದ ಮೇಲೆ ನೆರಳಿನ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಫಿನಾಯಿಲ್ ಬ್ಲೀಚಿಂಗ್‌ಗೆ ಜಗ್ಗುವುದಿಲ್ಲ. ಅಂದಂದಿನ ಮಲ ಅಂದಂದೇ ತೆಗೆದು ಆಳವಾಗಿ ಹೂತರೆ ಅರ್ಧ ಕೆಲಸ ಮುಗಿಯಿತು.

ವಿಜಯಪುರ ನಗರದಲ್ಲಿ ನನಗೆ ಹೆಚ್ಚು ಚಿಂತೆ ಹಿಡಿಸುವುದು ಹೊಸ ಬಡಾವಣೆಗಳ ಉಸುಕಿನ ರಾಶಿ. ಮನೆ ಕಟ್ಟಲು ಹಾಕಿಸಿ ತಿಂಗಳುಗಟ್ಟಲೆ ಬಿಟ್ಟಿರುತ್ತಾರೆ. ಹಗಲು ಓಣಿಯ ಮಕ್ಕಳು ಅದರಲ್ಲಿ ಗುಡಿ ಕಟ್ಟುತ್ತಾರೆ. ರಾತ್ರಿ ಬೆಕ್ಕುಗಳಿಗೆ ಅದಕ್ಕಿಂತ ಹಿತವಾದ ಪಾಯಖಾನೆ ಇಲ್ಲ. ಸಂಜೆಗೆ ಒಂದು ತಾಡಪತ್ರಿ ಎಳೆದರೆ ಸಾಕು. ಬೆಕ್ಕನ್ನು ಓಡಿಸಿ ಪ್ರಯೋಜನವಿಲ್ಲ, ಅದು ಮುಂದಿನ ರಾಶಿಗೆ ಹೋಗುತ್ತದೆ. ಬಸುರಿಯರು ಹೆದರುವ ಟಾಕ್ಸೊಪ್ಲಾಸ್ಮಾ ಬೇರೆಯೇ ಸಂಗತಿ, ಅದು ಹುಳುವಲ್ಲ, ಒಂದೇ ಕೋಶದ ಜೀವಿ. ಅದಕ್ಕೆ ಈ ಔಷಧಗಳು ನಾಟವು. ಅವರು ಬೆಕ್ಕಿನ ಮಲ ತೆಗೆಯುವ ಕೆಲಸವನ್ನು ಮನೆಯ ಬೇರೆಯವರಿಗೆ ವಹಿಸಲಿ.

ದೊಡ್ಡ ಬೆಕ್ಕಿಗೆ, ಅದರಲ್ಲೂ ಇಲಿ ಹಿಡಿಯುವ ಬೆಕ್ಕಿಗೆ, ವರ್ಷಕ್ಕೆ ನಾಲ್ಕು ಸಲವಾದರೂ ಔಷಧ ಬೀಳಬೇಕು. ಕ್ಯಾಲೆಂಡರ್ ನೋಡುವ ಗೋಜು ಬೇಡವೆಂದರೆ ಸಂಕ್ರಮಣ, ಯುಗಾದಿ, ಪಂಚಮಿ, ದೀಪಾವಳಿ ಎಂದು ಇಟ್ಟುಕೊಳ್ಳಿ. ಅಂತರ ಸರಿಸಮ ಬರುವುದಿಲ್ಲ, ಆದರೆ ಮರೆಯುವುದಿಲ್ಲ. ಈದ ಬೆಕ್ಕಿಗೆ ಮಾತ್ರ ಹಬ್ಬ ಕಾಯಬೇಡಿ, ಮರಿಗಳ ಮೊದಲ ಔಷಧದ ದಿನವೇ ಅದಕ್ಕೂ ಕೊಡಿ. ಊರಿಗೆ ದವಾಖಾನೆ ದೂರವಿದ್ದರೆ ಇಲಾಖೆಯ ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಿ ಕೇಳಿ. ಬೆಕ್ಕು ಎಂದು ಹೇಳಲು ನಾಚಿಕೆ ಬೇಡ.

ಕೊನೆಗೆ ಮರಿ ಹಂಚುವ ವಿಚಾರ. ನಮ್ಮಲ್ಲಿ ಕಣ್ಣು ಬಿಟ್ಟ ಮರಿಗಳನ್ನೇ ಚೀಲದಲ್ಲಿ ತುಂಬಿ ಸಂತೆಯ ಬಯಲಲ್ಲೋ ಗುಡಿಯ ಹಿಂದೋ ಬಿಟ್ಟು ಬರುವುದುಂಟು. ಹಾಲೂ ತಪ್ಪಿತು, ಔಷಧವೂ ತಪ್ಪಿತು; ಹುಳು ಮಾತ್ರ ಜೊತೆಗೇ ಹೋಯಿತು. ಎಂಟು ವಾರದವರೆಗೆ ತಾಯಿಯ ಹತ್ತಿರ ಬಿಡಿ. ಆಮೇಲೆ ಶೆಡ್ಡಿಗೆ, ಗೋದಾಮಿಗೆ, ಬೀಗರ ಮನೆಗೆ ಯಾರಿಗಾದರೂ ಕೊಡಿ. ಕೊಡುವಾಗ ಒಂದು ಚೀಟಿಯ ಮೇಲೆ ಇಷ್ಟು ಬರೆಯಿರಿ: ಹುಟ್ಟಿದ ಅಂದಾಜು ತಾರೀಖು, ಇದುವರೆಗೆ ಕೊಟ್ಟ ಔಷಧದ ಹೆಸರು, ಕೊಟ್ಟ ತಾರೀಖುಗಳು, ಅಂದಿನ ತೂಕ. ಒಂಬತ್ತನೆಯ ವಾರದ್ದು ಅವರೇ ಕೊಡಬೇಕಾಗುತ್ತದೆ, ಆ ತಾರೀಖನ್ನೂ ಬರೆದು ಕೆಳಗೆ ಗೆರೆ ಎಳೆಯಿರಿ.